ಮುಧೋಳಕ್ಕೆ ಬಿದ್ದ ಬೆಕ್ಕು-ನಾಯಿಗಳ ಮಳೆ

ಮುಧೋಳದ ಕಡೆ ಮಳೆ ಬರುವುದೇ ಅಪರೂಪ. ಬಂದರೂ ಅಂಗಳ ತೋಯುವಷ್ಟರಲ್ಲಿ ನಿಂತುಬಿಡುತ್ತದೆ. ಆದರೆ ಅಲ್ಲಿಯ ಮಕ್ಕಳ ಇಂಗ್ಲಿಷ್ ನೋಟುಬುಕ್ಕಿನಲ್ಲಿ ಮಾತ್ರ ವರ್ಷದ ಹನ್ನೆರಡು ತಿಂಗಳೂ ಬೆಕ್ಕು-ನಾಯಿಗಳು ಧೋ ಎಂದು ಸುರಿಯುತ್ತಿರುತ್ತವೆ. ಹಾಳೆಯ ನಡುವೆ ಪಟ್ಟಿ ಹಿಡಿದು ಗೆರೆ ಎಳೆದು, ಎಡಕ್ಕೆ ‘ರೇನಿಂಗ್ ಕ್ಯಾಟ್ಸ್ ಆ್ಯಂಡ್ ಡಾಗ್ಸ್’, ಬಲಕ್ಕೆ ‘ಜೋರು ಮಳೆ’. ಅದರ ಕೆಳಗೆ ‘ಕಿಕ್ ದ ಬಕೆಟ್’, ಎದುರಿಗೆ ‘ಸಾಯುವುದು’. ‘ಎ ಪೀಸ್ ಆಫ್ ಕೇಕ್’, ಎದುರಿಗೆ ‘ಬಹಳ ಸುಲಭ’. ಹೀಗೆ ನೂರು, ನೂರೈವತ್ತು. ಜಮಖಂಡಿಗೆ ಹೋಗಿ, ಬೀಳಗಿಗೆ ಹೋಗಿ, ರಬಕವಿ-ಬನಹಟ್ಟಿಗೆ ಹೋಗಿ, ಇದೇ ಯಾದಿ. ಒಂದು ಗೈಡಿನಿಂದ ಇನ್ನೊಂದು ಗೈಡಿಗೆ, ಅಲ್ಲಿಂದ ಫಳಿಗೆ, ಫಳಿಯಿಂದ ನೋಟುಬುಕ್ಕಿಗೆ, ಅಲ್ಲಿಂದ ಮಕ್ಕಳ ಬಾಯಿಗೆ.

ಈ ಯಾದಿಯ ಮೇಲೆ ನನ್ನ ತಕರಾರಿದೆ. ತಕರಾರು ಇಂಗ್ಲಿಷಿನ ಮೇಲಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಇಲ್ಲವಾದರೆ ‘ಇವರಿಗೇನ್ರಿ, ತಮ್ಮ ಮಕ್ಕಳನ್ನ ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿ ನಮಗ ಕನ್ನಡದ ಉಪದೇಶ ಮಾಡ್ತಾರ’ ಎಂದು ಯಾರಾದರೂ ಪುಸ್ತಕ ಮುಚ್ಚಿಟ್ಟಾರು. ಹೆಣ್ಣುಮಕ್ಕಳು ಇಂಗ್ಲಿಷ್ ಕಲಿಯಬೇಕು, ಚೆನ್ನಾಗಿಯೇ ಕಲಿಯಬೇಕು. ಗುಳಿಗೆಯ ಚೀಟಿ, ಬ್ಯಾಂಕಿನ ಕಾಗದ, ಕೋರ್ಟಿನ ನೋಟೀಸು ಓದಲಿಕ್ಕೆ ಗಂಡನ ಮುಖ, ಮಗನ ಮುಖ ನೋಡುವ ಗತಿ ಅವರಿಗೆ ಬರಬಾರದು. ಆದರೆ ನೂರೈವತ್ತು ನುಡಿಗಟ್ಟುಗಳ ಈ ಯಾದಿ ಇಂಗ್ಲಿಷನ್ನೂ ಕಲಿಸುವುದಿಲ್ಲ, ಮೇಲಾಗಿ ತಾಯಿಯ ಮಾತಿಗೆ ಬೆಲೆಯಿಲ್ಲ ಎಂಬುದನ್ನು ಮಕ್ಕಳಿಗೆ ಸದ್ದಿಲ್ಲದೆ ಕಲಿಸಿಕೊಡುತ್ತದೆ.

ಇಂಗ್ಲಿಷ್ ಹೇಗೆ ಕಲಿಸುವುದಿಲ್ಲ ಎಂಬುದನ್ನು ಮೊದಲು ನೋಡೋಣ. ನಮ್ಮ ಓಣಿಯ ಹುಡುಗಿಯೊಬ್ಬಳು, ಏಳನೆಯ ಇಯತ್ತೆ, ಅಜ್ಜ ತೀರಿಕೊಂಡಾಗ ಸಾಲೆಗೆ ಇಂಗ್ಲಿಷಿನಲ್ಲಿ ರಜೆಯ ಅರ್ಜಿ ಬರೆದಳು. ‘ಮೈ ಗ್ರ್ಯಾಂಡ್‌ಫಾದರ್ ಕಿಕ್ಡ್ ದ ಬಕೆಟ್’ ಎಂದು ಬರೆದು, ಕೆಳಗೆ ಗೌರವಪೂರ್ವಕ ಸಹಿ ಮಾಡಿ, ಎರಡು ದಿನದ ರಜೆ ಕೇಳಿದಳು. ಅಜ್ಜನೆಂದರೆ ಜೀವ ಬಿಡುತ್ತಿದ್ದ ಹುಡುಗಿ ಅದು. ಅವಳ ಯಾದಿಯಲ್ಲಿ ಅರ್ಥ ಸರಿಯಾಗಿಯೇ ಇತ್ತು: ಸಾಯುವುದು. ಆದರೆ ಇಂಗ್ಲಿಷ್ ಬಲ್ಲವರು ಓದಿದರೆ ನಕ್ಕಾರು, ಇಲ್ಲವೆ ಅಜ್ಜನ ಬಗ್ಗೆ ಇಷ್ಟು ತಾತ್ಸಾರವೇ ಎಂದು ಬೈದಾರು. ಏಕೆಂದರೆ ಅದು ಸಾವಿನ ಮನೆಯಲ್ಲಿ ಆಡುವ ಮಾತೇ ಅಲ್ಲ. ಫ್ರಾನ್ಸಿಸ್ ಗ್ರೋಸ್ ಎಂಬಾತ 1785ರಲ್ಲಿ ಲಂಡನ್ನಿನ ಬೀದಿಯ ಒರಟು ಮಾತುಗಳನ್ನೆಲ್ಲ ಕೂಡಿಹಾಕಿ ಒಂದು ನಿಘಂಟು ತಂದ. ‘ಕಿಕ್ ದ ಬಕೆಟ್’ ಸಿಗುವುದು ಆ ನಿಘಂಟಿನಲ್ಲಿ. ಕುಡುಕರ, ಕಳ್ಳರ, ಸಿಪಾಯಿಗಳ ಬಾಯಿಯ ಮಾತನ್ನು ನಾವು ಇನ್ನೂರು ವರ್ಷ ದಾಟಿದ ಮೇಲೆ ನಮ್ಮ ಹುಡುಗಿಯರಿಗೆ ಮರ್ಯಾದಸ್ಥರ ಇಂಗ್ಲಿಷ್ ಎಂದು ಕಲಿಸುತ್ತಿದ್ದೇವೆ.

ಅದೇ ಹುಡುಗಿ ಕನ್ನಡದಲ್ಲಿ ‘ನಮ್ಮಜ್ಜ ಗೊಟಕ್ ಅಂದ್ರು’ ಎಂದು ಮಾಸ್ತರರಿಗೆ ಬರೆದಾಳೆಯೇ? ಕನಸಿನಲ್ಲಿಯೂ ಬರೆಯಲಾರಳು. ಕನ್ನಡದಲ್ಲಿ ಯಾರು ಹೇಗೆ ಸಾಯುತ್ತಾರೆ ಎಂಬುದು ಅವಳಿಗೆ ಯಾರೂ ಕಲಿಸದೆ ಗೊತ್ತು. ಅಜ್ಜ ತೀರಿಕೊಂಡರು, ಶಿವನ ಪಾದ ಸೇರಿದರು. ಮಠದ ಸ್ವಾಮಿಗಳು ಲಿಂಗೈಕ್ಯರಾದರು. ಮಗ್ಗುಲ ಮನೆಯ ಮುಸಲ್ಮಾನರ ಅಜ್ಜಿ ಇಂತಕಾಲವಾದರು. ಬಡ್ಡಿಯ ಮೇಲೆ ಬಡ್ಡಿ ಹಾಕಿ ಊರನ್ನು ಹಿಂಡಿದ ಸಾಹುಕಾರನಾದರೆ ನೆಗೆದುಬಿದ್ದ. ಎಲ್ಲದರ ಅರ್ಥ ಬಲಗಡೆಯ ಸಾಲಿನಲ್ಲಿ ಬರೆದರೆ ‘ಸಾಯುವುದು’ ಎಂದೇ ಆಗುತ್ತದೆ. ಆದರೆ ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ, ಎಷ್ಟು ಪ್ರೀತಿಯಿಂದ ಅಥವಾ ಎಷ್ಟು ಸಿಟ್ಟಿನಿಂದ ಅನ್ನುತ್ತಾರೆ ಎಂಬುದರಲ್ಲಿಯೇ ನುಡಿಗಟ್ಟಿನ ಜೀವವಿದೆ. ಯಾದಿ ಆ ಜೀವ ತೆಗೆದು ಚರ್ಮವನ್ನಷ್ಟೇ ಮಕ್ಕಳ ಕೈಗೆ ಕೊಡುತ್ತದೆ.

ಬೆಕ್ಕು-ನಾಯಿಗಳ ಮಳೆಯ ಗತಿಯೂ ಅಷ್ಟೇ. ಜೊನಾಥನ್ ಸ್ವಿಫ್ಟ್ 1738ರಲ್ಲಿ ಅಚ್ಚು ಹಾಕಿಸಿದ ಪುಸ್ತಕವೊಂದರಲ್ಲಿ ಈ ಮಾತು ಬರುತ್ತದೆ. ಆ ಪುಸ್ತಕವೇ ಆಗಿನ ದೊಡ್ಡಮನೆಯವರ ಸವೆದ ಮಾತುಗಳನ್ನು ಗೇಲಿ ಮಾಡಲು ಬರೆದದ್ದು. ಸವೆದುಹೋಗಿದೆ ಎಂದು ಅಂದೇ ನಗೆಗೀಡಾದ ನಾಣ್ಯವನ್ನು ನಾವು ಇಂದು ಮಕ್ಕಳ ಕೈಯಲ್ಲಿಟ್ಟು, ಪೇಟೆಗೆ ಹೋಗಿ ಸಾಮಾನು ತಾ ಎನ್ನುತ್ತೇವೆ. ಇನ್ನು ನಮ್ಮ ಕಡೆಯ ನೀರಿನ ಕತೆ ಬೇರೆಯೇ ಇದೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಮುಧೋಳಕ್ಕೆ ನುಗ್ಗಿದಾಗ, ಕೃಷ್ಣೆ ಜಮಖಂಡಿಯ ಹೊಳೆಸಾಲಿನ ಹಳ್ಳಿಗಳನ್ನು ಸುತ್ತಿಕೊಂಡಾಗ, ಅಷ್ಟು ನೀರು ನಮ್ಮ ಮುಗಿಲಿನಿಂದ ಬಿದ್ದದ್ದಲ್ಲ. ಮಳೆ ಬಿದ್ದದ್ದು ದೂರದ ಘಟ್ಟದಲ್ಲಿ, ಮನೆ ಬಿದ್ದದ್ದು ನಮ್ಮದು. ಇದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಎಂದು ಯಾದಿಯಲ್ಲಿ ಹುಡುಕಿದರೆ ಸಿಗಲಾರದು. ಹೊಳೆಸಾಲಿನ ಹೆಣ್ಣುಮಕ್ಕಳನ್ನು ಕೇಳಿದರೆ ಒಂದೇ ಮಾತಿನಲ್ಲಿ ಹೇಳಿಯಾರು: ‘ಹೊಳಿ ಬಂತು.’ ಆ ಎರಡು ಶಬ್ದಗಳಲ್ಲಿ ದನ ಬಿಚ್ಚುವುದು, ಕಾಳಿನ ಚೀಲ ಮಾಳಿಗೆಗೆ ಏರಿಸುವುದು, ಬಾಣಂತಿಯನ್ನು ಹೊರಡಿಸುವುದು ಎಲ್ಲ ಇದೆ.

ನಾಯಿಯ ಮಾತು ಬಂತೆಂದು ಒಂದು ಸಣ್ಣ ತಕರಾರು. ‘ಗೋಯಿಂಗ್ ಟು ದ ಡಾಗ್ಸ್’ ಎಂದರೆ ಹಾಳಾಗುವುದು ಎಂದು ಮುಧೋಳದ ಮಗು ಬಾಯಿಪಾಠ ಮಾಡುತ್ತದೆ. ಅದೇ ಊರಿನ ನಾಯಿ 2005ರಲ್ಲಿ ಅಂಚೆಚೀಟಿಯ ಮೇಲೆ ಬಂದಿದೆ. ಘೋರ್ಪಡೆ ಅರಸರ ಕಾಲದಿಂದ ಹೆಸರು ಮಾಡಿ, ಸೈನ್ಯದವರು ತರಬೇತಿಗೆ ಒಯ್ಯುವಷ್ಟು ಮರ್ಯಾದೆ ಗಳಿಸಿದೆ. ನಾಯಿಯ ಪಾಲಾಗುವುದು ಮುಧೋಳದಲ್ಲಿ ಅಂಥ ಕೆಟ್ಟದ್ದೇನಲ್ಲ! ನಗೆಯ ಮಾತು ಹಾಗಿರಲಿ. ನಾಯಿಬಾಲದ ಡೊಂಕು ಎಂದು ಹಂಗಿಸುವಲ್ಲಿ ನಾವೂ ಹಿಂದೆ ಬಿದ್ದವರಲ್ಲ.

ಈಗ ಬನಹಟ್ಟಿಗೆ ಬನ್ನಿ. ನನ್ನ ಹೊಟ್ಟೆ ನಿಜವಾಗಿ ಉರಿಯುವುದು ಇಲ್ಲಿ.

ರಬಕವಿ-ಬನಹಟ್ಟಿಯಲ್ಲಿ ಸಂದಿಗೊಂದಿಯಲ್ಲೆಲ್ಲ ಮಗ್ಗದ ಸದ್ದು. ಕೈಮಗ್ಗ ಕಡಿಮೆಯಾಗಿ ಪಾವರ್‌ಲೂಮ್ ಬಂದಿವೆ, ಆದರೂ ಸೀರೆಯೇ ಊರಿನ ಉಸಿರು. ಮುಂದಿನ ಖೋಲಿಯಲ್ಲಿ ಲೂಮ್ ಖಟಖಟ ಹೊಡೆಯುತ್ತದೆ, ತಾಯಿ ಕಂಡಿಕೆ ಸುತ್ತುತ್ತಾಳೆ, ಹಿಂದಿನ ಖೋಲಿಯಲ್ಲಿ ಹುಡುಗ ಕಿವಿಗೆ ಬೆರಳಿಟ್ಟುಕೊಂಡು ಓದುತ್ತಾನೆ: ‘ಆನ್ ಟೆಂಟರ್‌ಹುಕ್ಸ್ ಅಂದ್ರ ಆತಂಕದಿಂದ ಕಾಯುವುದು.’ ಟೆಂಟರ್‌ಹುಕ್ ಎಂದರೇನು? ಇಂಗ್ಲೆಂಡಿನಲ್ಲಿ ಉಣ್ಣೆಯ ಬಟ್ಟೆ ನೇಯ್ದು, ಒಗೆದ ಮೇಲೆ ಅದು ಕುಗ್ಗಬಾರದೆಂದು ಬಯಲಿನಲ್ಲಿ ಕಟ್ಟಿಗೆಯ ಚೌಕಟ್ಟು ನಿಲ್ಲಿಸಿ, ಬಟ್ಟೆಯ ಅಂಚನ್ನು ಸಾಲಾಗಿ ಕೊಕ್ಕೆಗಳಿಗೆ ಸಿಕ್ಕಿಸಿ ಎಳೆದು ಒಣಗಿಸುತ್ತಿದ್ದರು. ಚೌಕಟ್ಟಿಗೆ ಟೆಂಟರ್ ಎಂದು ಹೆಸರು. ಎರಡೂ ಕಡೆಯಿಂದ ಜಗ್ಗಿ ಹಿಡಿದ ಬಟ್ಟೆಯ ಹಾಗೆ ಮನಸ್ಸು ಬಿಗಿದು ನಿಂತಿದೆ ಎಂಬುದು ಆ ಮಾತಿನ ಹುರುಳು. ಓಣಿಯುದ್ದಕ್ಕೂ ಹಾಸು ಎಳೆದು ಗಂಜಿ ಹಚ್ಚಿದ್ದನ್ನು ಕಂಡ ಅಜ್ಜಿ ಅದೇ ಮನೆಯಲ್ಲಿ ಕುಳಿತಿದ್ದಾಳೆ. ಅವಳಿಗೆ ಒಂದು ಸಲ ಹೇಳಿದರೆ ಸಾಕು, ಲಂಡನ್ನಿನ ಮಗುವಿಗಿಂತ ಚೆನ್ನಾಗಿ ತಿಳಿದಾಳು. ಇಂದಿನ ಲಂಡನ್ನಿನ ಮಗು ಕೊಕ್ಕೆಗೆ ಬಿಗಿದ ಬಟ್ಟೆ ನೋಡಿದ್ದೆಲ್ಲಿ? ಆದರೆ ಅಜ್ಜಿಗೆ ಯಾರೂ ಹೇಳುವುದಿಲ್ಲ. ಹೇಳಬೇಕಾದ ಮಾಸ್ತರರ ಗೈಡಿನಲ್ಲಿ ಬಲಗಡೆಯ ಸಾಲಿನಾಚೆಗೆ ಏನೂ ಇರುವುದಿಲ್ಲ.

‘ಏರ್‌ಲೂಮ್’ ಎಂಬ ಶಬ್ದ ನೋಡಿ. ‘ತಲೆತಲಾಂತರದಿಂದ ಬಂದ ವಸ್ತು’ ಎಂದು ಬರೆಸುತ್ತಾರೆ. ಅದರೊಳಗಿನ ‘ಲೂಮ್’ ಎಂಬ ಸದ್ದು ಬನಹಟ್ಟಿಯ ಹುಡುಗನ ಕಿವಿಗೆ ಬೀಳದಷ್ಟು ಅವನ ಕಿವಿಯನ್ನು ನಾವು ಮುಚ್ಚಿದ್ದೇವೆ. ಹಳೆಯ ಇಂಗ್ಲಿಷಿನಲ್ಲಿ ಲೂಮ್ ಎಂದರೆ ಯಾವುದೇ ಕೆಲಸದ ಸಲಕರಣೆ. ಬರಬರುತ್ತ ಮಗ್ಗಕ್ಕೇ ಆ ಹೆಸರು ನಿಂತಿತು. ಅಪ್ಪ ಸತ್ತ ಮೇಲೆ ಮಗನ ಪಾಲಿಗೆ ಬರುವ ಸಲಕರಣೆ ಏರ್‌ಲೂಮ್. ಅಣ್ಣತಮ್ಮಂದಿರು ಬೇರೆಯಾದಾಗ ಮಗ್ಗಗಳನ್ನು ಎಣಿಸಿ ಪಾಲು ಮಾಡಿದ್ದನ್ನು ಕಂಡ ಮನೆಗಳಲ್ಲಿ ಈ ಶಬ್ದಕ್ಕೆ ಬಾಯಿಪಾಠ ಬೇಕೆ? ಆ ಪಾಲಿನಲ್ಲಿ ಮಗಳ ಹೆಸರು ಎಷ್ಟು ಸಲ ಬಂದಿದೆ ಎಂದು ಇಲ್ಲಿಯೇ ಕೇಳಬಹುದಿತ್ತು. ಕರ್ನಾಟಕದಲ್ಲಿ 1994ರಲ್ಲಿಯೇ, ದೇಶಕ್ಕೆಲ್ಲ 2005ರಲ್ಲಿ, ಹಿಂದೂ ಕೂಡುಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲಿನ ಕಾನೂನು ಬಂದಿದೆ. ಒಂದು ಇಂಗ್ಲಿಷ್ ಶಬ್ದ ಬಿಡಿಸುತ್ತ ಹೋದರೆ ಹುಡುಗಿಯೊಬ್ಬಳಿಗೆ ತನ್ನ ಪಾಲು ಎಲ್ಲಿದೆ ಎಂಬ ಪ್ರಶ್ನೆಯೂ ಹುಟ್ಟಬಹುದು. ಯಾದಿಯಿಂದ ಅದು ಹುಟ್ಟುವುದಿಲ್ಲ.

ಮಾತಿನ ಎಳೆ ತಪ್ಪುವುದಕ್ಕೆ ಅವರೂ ದಾರ ಕಳೆದುಕೊಂಡೆ ಎನ್ನುತ್ತಾರೆ. ಮೂಲದಿಂದಲೇ ಪಕ್ಕಾ ಆದವನಿಗೆ, ನೂಲುವ ಮೊದಲೇ ಉಣ್ಣೆಗೆ ಬಣ್ಣ ಹಾಕಿದವನು ಎನ್ನುತ್ತಾರೆ. ನೂಲಿಗೆ ಹಾಕಿದ ಬಣ್ಣ, ಬಟ್ಟೆಗೆ ಹಾಕಿದ ಬಣ್ಣ ಎರಡರ ಫರಕು ನಮ್ಮ ನೇಕಾರರ ಮನೆಯ ಕೂಸಿಗೂ ಗೊತ್ತು. ಅಂದರೆ ಅಲ್ಲಿಯೂ ನೇಕಾರರಿದ್ದರು, ಅವರ ಬಾಯಿಂದ ಭಾಷೆ ಬೆಳೆಯಿತು. ನಮ್ಮ ನೇಕಾರರ ಬಾಯಿಂದಲೂ ಬೆಳೆದಿದೆ. ಎಳೆಎಳೆಯಾಗಿ ಬಿಡಿಸಿ ಹೇಳು, ಸಿಕ್ಕು ಬಿಡಿಸು, ಲಾಳಿಯ ಹಾಗೆ ಅತ್ತಿಂದಿತ್ತ ಓಡಾಡು, ನೂಲಿನಂತೆ ಸೀರೆ ತಾಯಿಯಂತೆ ಮಗಳು. ಸಭೆಯಲ್ಲಿ ನಿಂತವರು ‘ನಮ್ಮ ಬದುಕಿನಲ್ಲಿ ಸಂಸ್ಕೃತಿ ಹಾಸುಹೊಕ್ಕಾಗಿದೆ’ ಎಂದು ಗುಡುಗುತ್ತಾರಲ್ಲ, ಆ ಹಾಸು ಮಗ್ಗದ ಉದ್ದದ ನೂಲು, ಹೊಕ್ಕು ಲಾಳಿ ತಂದು ಹಾಕುವ ಅಡ್ಡ ನೂಲು. ಬನಹಟ್ಟಿಯ ಎಷ್ಟು ಸಾಲೆಗಳಲ್ಲಿ ಮಕ್ಕಳಿಗೆ ಇದನ್ನು ಮಗ್ಗದ ಮುಂದೆ ನಿಲ್ಲಿಸಿ ತೋರಿಸಿದ್ದಾರೆ? ಫರ್ಡಿನಾಂಡ್ ಕಿಟೆಲ್ ಎಂಬ ಜರ್ಮನಿಯ ಪಾದ್ರಿ 1894ರಲ್ಲಿ ಮಂಗಳೂರಿನಿಂದ ಹೊರಬಂದ ತನ್ನ ದೊಡ್ಡ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ನಮ್ಮ ಗಾದೆಗಳನ್ನು ಶಬ್ದಗಳ ಬೆನ್ನಿಗೆ ಕಟ್ಟಿಕೊಟ್ಟ. ಮಾತು ಬಳಕೆಯಲ್ಲಿ ಹೇಗೆ ನಡೆಯುತ್ತದೆ ಎಂದು ತೋರಿಸದೆ ಅರ್ಥ ಹೇಳಿದಂತಾಗದು ಎಂಬುದು ಆ ಪರದೇಶಿಯವನಿಗೆ ತಿಳಿದಿತ್ತು.

ಇಷ್ಟು ಹೇಳಿ ನಮ್ಮ ನುಡಿಗಟ್ಟುಗಳೆಲ್ಲ ಬಂಗಾರ ಎಂದರೆ ಅದು ಸುಳ್ಳಾದೀತು. ಹೆಣ್ಣನ್ನು ಕೀಳು ಮಾಡುವುದರಲ್ಲಿ ಎರಡೂ ಭಾಷೆಗಳು ಅಕ್ಕತಂಗಿಯರು. ನೂಲುವವಳು ಎಂಬ ಮರ್ಯಾದೆಯ ಕಸುಬಿನ ಹೆಸರಾಗಿದ್ದ ‘ಸ್ಪಿನ್‌ಸ್ಟರ್’ ಇಂಗ್ಲಿಷಿನಲ್ಲಿ ಮದುವೆಯಾಗದೆ ಉಳಿದವಳು ಎಂಬ ಮೂದಲಿಕೆಯಾಯಿತು. ಇಂಗ್ಲೆಂಡಿನ ಮದುವೆಯ ದಫ್ತರಿನಿಂದ ಆ ಶಬ್ದ ಹೋದದ್ದು 2005ರಲ್ಲಿ. ಗಂಡಿಗೆ ಅಲ್ಲಿ ‘ಬ್ಯಾಚುಲರ್’ ಎಂದಿತ್ತು, ಅದರಲ್ಲಿ ಮೂದಲಿಕೆ ಇರಲಿಲ್ಲ. ಹೆಂಡತಿಯ ಮಾತು ನಡೆಯುವ ಮನೆಗೆ ‘ಅವಳೇ ಪ್ಯಾಂಟು ಹಾಕಿಕೊಳ್ಳುತ್ತಾಳೆ’ ಎಂದು ಇಂಗ್ಲಿಷಿನವರು ನಗುತ್ತಾರೆ. ನಮ್ಮವರು ಅಂಜುಬುರುಕ ಗಂಡಸಿಗೆ ‘ಬಳಿ ಇಟಗೊಂಡ ಕುಂಡ್ರು’ ಎನ್ನುತ್ತಾರೆ. ಈ ಮಾತು ಮುಧೋಳದಲ್ಲಿಯೂ ಕೇಳಿಬರುತ್ತದೆ. ಅಲ್ಲಿ ಹುಟ್ಟಿದ ರನ್ನ ಬಳೆಗಾರರ ಮನೆಯ ಮಗ. ಬಳೆ ಮಾರಿದ ಅನ್ನ ಉಂಡು ಬೆಳೆದವನು ಕನ್ನಡದಲ್ಲಿ ಭೀಮ-ದುರ್ಯೋಧನರ ಗದೆಯ ಕಾಳಗ ಬರೆದ. ಅವನ ಹೆಸರಿನಲ್ಲಿ ‘ರನ್ನಕಂದ’ವೆಂಬ ನಿಘಂಟೂ ಇದೆ, ಸಿಕ್ಕಿರುವುದು ಕೆಲವೇ ಪದ್ಯ. ಅಂಥವನ ಊರಿನಲ್ಲಿ ಬಳೆ ಎಂದರೆ ಅಂಜುಬುರುಕತನ! ಇಂಥ ಮಾತುಗಳನ್ನೂ ಮಕ್ಕಳ ಮುಂದೆ ಬಿಚ್ಚಿಟ್ಟು, ಇದು ಯಾಕೆ ಹೀಗೆ ಎಂದು ಕೇಳಬೇಕು. ಬಾಯಿಪಾಠ ಮಾಡುವವನು ಯಾಕೆ ಎಂದು ಕೇಳುವುದಿಲ್ಲ. ಅದಕ್ಕಾಗಿಯೇ ಅವನನ್ನು ಜಾಣ ಎನ್ನುತ್ತಾರೋ ಏನೋ.

ತಾಯಿಯ ಮಾತಿನ ಬೆಲೆಯ ಬಗ್ಗೆ ಹೇಳಿದೆನಲ್ಲ. ಪಾಲಕರ ಸಭೆಯಲ್ಲಿ ‘ಮನ್ಯಾಗ ಇಂಗ್ಲಿಷ್ ಮಾತಾಡ್ರಿ’ ಎಂದು ಹೇಳುವ ಸಾಲೆಗಳಿವೆ. ನಾನೇ ಕುಳಿತು ಕೇಳಿದ್ದೇನೆ. ಕೇಳಿದ ತಾಯಂದಿರು ತಲೆ ತಗ್ಗಿಸಿ ಮನೆಗೆ ಬರುತ್ತಾರೆ. ಅವತ್ತಿನಿಂದ ‘ವಾಟರ್ ಕುಡಿ’, ‘ರೈಸ್ ತಿನ್ನು’, ‘ಕ್ವಿಕ್ ಬಾ, ಬಸ್ ಬಂತು’. ಆ ತಾಯಿಗೆ ಸಿಟ್ಟು ಬಂದರೆ, ಮುದ್ದು ಬಂದರೆ, ಮಗುವನ್ನು ನಗಿಸಬೇಕೆಂದರೆ ಸಾವಿರ ಮಾತುಗಳಿದ್ದವು. ‘ಉಡಿ ತುಂಬಿದರು’ ಎಂದರೆ ಅವಳ ಕಣ್ಣ ಮುಂದೆ ಅಕ್ಕಿ, ಖಣ, ತವರಿನ ಬಾಗಿಲು ಎಲ್ಲ ಬರುತ್ತಿತ್ತು. ಈಗ ಅವಳು ಮಗುವಿನ ಹತ್ತಿರ ನೂರು ಶಬ್ದದಲ್ಲಿ ಸಂಸಾರ ಮಾಡುತ್ತಾಳೆ. ಒಂದು ದಿನ ‘ಹೊಳಿಯಾಗ ಹುಣಸಿಹಣ್ಣ ಕಿವುಚಿದಂಗ ಆತು’ ಎಂದು ಬಾಯಿತಪ್ಪಿ ಅಂದರೆ, ಮಗಳು ತಿರುಗಿ ನೋಡಿ ಹೇಳುತ್ತಾಳೆ: ‘ಯವ್ವಾ, ಸಾಲ್ಯಾಗ ಹಿಂಗೆಲ್ಲ ಮಾತಾಡಬ್ಯಾಡ, ನಗತಾರ.’ ‘ವೈಲ್ಡ್ ಗೂಸ್ ಚೇಸ್’ ಎಂದು ಅದೇ ಮಗಳು ಬರೆದರೆ ಎರಡು ಅಂಕ. ಕಾಡುಬಾತುವಿನ ಬೆನ್ನು ಹತ್ತಿದ್ದಕ್ಕೆ ಅಂಕವಿದೆ, ಕೃಷ್ಣೆಯಲ್ಲಿ ಹುಣಸೆಹಣ್ಣು ಕಿವುಚಿದವಳಿಗೆ ನಗೆ ಮಾತ್ರ.

ಸಾಲೆಯವರನ್ನಷ್ಟೇ ಬೈದರೆ ಸಾಲದು. 2007ರಿಂದ ಸರಕಾರಿ ಕನ್ನಡ ಸಾಲೆಗಳಲ್ಲಿಯೂ ಒಂದನೆಯ ಇಯತ್ತೆಯಿಂದ ಇಂಗ್ಲಿಷ್ ಬಂತು. ಯಾವ ಮಾಧ್ಯಮದಲ್ಲಿ ಕಲಿಸಬೇಕೆಂಬುದನ್ನು ಆರಿಸುವ ಹಕ್ಕು ಪಾಲಕರದು ಎಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹಕ್ಕು ನಮ್ಮದೆಂದ ಮೇಲೆ ಕೇಳುವ ಬಾಯಿಯೂ ನಮ್ಮದೇ ಅಲ್ಲವೆ? ಫೀ ಎಷ್ಟು, ಯೂನಿಫಾರ್ಮ್ ಎಲ್ಲಿ ಎಂದು ಕೇಳುವ ನಾವು, ಏನು ಕಲಿಸುತ್ತೀರಿ ಎಂದು ಕೇಳುವಾಗ ಮಾತ್ರ ಸೆರಗು ಸರಿಮಾಡಿಕೊಂಡು ಹಿಂದೆ ಸರಿಯುತ್ತೇವೆ.

ಯಾದಿಯ ಚಟ ಈಗ ಕನ್ನಡ ಬರೆಯುವವರಿಗೂ ಅಂಟಿದೆ. ವೇದಿಕೆಯ ಮೇಲೆ ವಂದನಾರ್ಪಣೆ ಮಾಡುವವರು ‘ಕೊನೆಯದಾದರೂ ಕಡಿಮೆಯದಲ್ಲದ’ ಎಂದಾಗ ನನಗಂತೂ ಮೈ ಉರಿಯುತ್ತದೆ. ಹಿಮಗಡ್ಡೆಯ ತುದಿಯನ್ನು ಪತ್ರಿಕೆಗಳು ವಾರಕ್ಕೊಮ್ಮೆಯಾದರೂ ತೋರಿಸುತ್ತವೆ. ಬಾಗಲಕೋಟೆ ಜಿಲ್ಲೆಯ ಸಮುದ್ರದಲ್ಲಿ ಅದು ಎಲ್ಲಿ ತೇಲುತ್ತಿದೆಯೋ! ಎಲ್ಲವನ್ನೂ ಹೊರಗಿಡಬೇಕು ಎನ್ನುವ ಮಡಿ ನನಗಿಲ್ಲ. ಮೊಸಳೆಯ ಕಣ್ಣೀರು ಹೊರಗಿನಿಂದ ಬಂದರೂ ಕೃಷ್ಣೆಯ ದಂಡೆಯಲ್ಲಿ ಮೊಸಳೆ ಕಂಡವರ ಬಾಯಲ್ಲಿ ಅದು ಸಲೀಸಾಗಿ ಕುಳಿತಿದೆ. ಬಿಳಿಯಾನೆಯೂ ಹಾಗೆಯೇ, ಸರಕಾರದ ಎಷ್ಟೋ ಕಟ್ಟಡ ನೋಡಿದವರಿಗೆ ಬಿಡಿಸಿ ಹೇಳಬೇಕಾದ್ದಿಲ್ಲ.

ಅತ್ತ ಹೊಸ ನುಡಿಗಟ್ಟು ನಮ್ಮ ಕಣ್ಣೆದುರಿಗೇ ಹುಟ್ಟಿದರೂ ಯಾರ ಯಾದಿಗೂ ಅದು ಸೇರುವುದಿಲ್ಲ. ಬೀಳಗಿಯ ಕಡೆ ‘ಮುಳುಗಡೆ’ಎಂಬ ಶಬ್ದ ಕೇಳಿದ್ದೀರಲ್ಲ? ಲಾಲಬಹಾದ್ದೂರ ಶಾಸ್ತ್ರಿಯವರು 1964ರಲ್ಲಿ ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದರು. ಆಮೇಲಿನ ದಶಕಗಳಲ್ಲಿ ಹೊಲ, ಬಾವಿ, ಗುಡಿ, ಗೋರಿ ಹಿನ್ನೀರಿಗೆ ಹೋದವು. ನಿಘಂಟಿನಲ್ಲಿ ಮುಳುಗಡೆ ಎಂದರೆ ನೀರಿನಲ್ಲಿ ಮುಳುಗುವುದು, ಅಷ್ಟೇ. ಬೀಳಗಿಯ ಹೆಣ್ಣುಮಗಳು ‘ನಮ್ಮ ತವರಮನಿ ಮುಳುಗಡಿ’ ಎಂದರೆ ಅದರಲ್ಲಿ ಬಂದ ಪರಿಹಾರದ ರೊಕ್ಕ, ಆ ರೊಕ್ಕಕ್ಕೆ ಬಿದ್ದ ಜಗಳ, ಪುನರ್ವಸತಿ ಕೇಂದ್ರದ ನಂಬರು ಹಾಕಿದ ಪ್ಲಾಟು, ಪಂಚಮಿಗೆ ಹೋಗಲು ತವರೇ ಇಲ್ಲದ ಹೊಟ್ಟೆಸಂಕಟ ಎಲ್ಲ ಬಂತು. ಇದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು ಎಂದು ಒಂದು ತರಗತಿಯಲ್ಲಿ ಮಕ್ಕಳು ಒಂದು ತಾಸು ಗುದ್ದಾಡಿದರೆ, ಆ ಒಂದು ತಾಸಿನಲ್ಲಿ ನೂರು ಯಾದಿಗಿಂತ ಹೆಚ್ಚು ಇಂಗ್ಲಿಷ್ ಬಂದೀತು.

‘ಇದೆಲ್ಲ ಸರಿ ಅಕ್ಕಾರ, ಆದರ ಪರೀಕ್ಷೆದಾಗ ಕೇಳತಾರಲ್ಲ, ಇಂಟರ್‌ವ್ಯೂದಾಗ ಕೇಳತಾರಲ್ಲ’ ಎಂದು ನನ್ನ ಗೆಳತಿಯರೇ ಕೇಳುತ್ತಾರೆ. ಪರೀಕ್ಷೆಯಲ್ಲಿ ಕೇಳುತ್ತಾರೆ, ಒಪ್ಪಿದೆ. ಇಂಟರ್‌ವ್ಯೂನಲ್ಲಿ ಯಾರೂ ‘ಬಕೆಟ್ ಒದೆಯುವುದು ಎಂದರೇನು’ ಎಂದು ಕೇಳಿದ್ದು ನಾನು ಕೇಳಿಲ್ಲ. ನಿಮ್ಮ ಊರು ಯಾವುದು, ಅಲ್ಲಿ ಏನು ವಿಶೇಷ, ನಿಮ್ಮ ಮನೆಯವರು ಏನು ಮಾಡುತ್ತಾರೆ ಎಂದು ಕೇಳುತ್ತಾರೆ. ಆಗ ಬನಹಟ್ಟಿಯ ಹುಡುಗಿ ಮಗ್ಗದ ಬಗ್ಗೆ ನಾಲ್ಕು ವಾಕ್ಯ ಇಂಗ್ಲಿಷಿನಲ್ಲಿ ಹೇಳಲಾರದೆ ಕಣ್ಣು ಕೆಳಗೆ ಹಾಕುತ್ತಾಳೆ. ಏಕೆಂದರೆ ಅವಳ ಇಂಗ್ಲಿಷಿನಲ್ಲಿ ಮಗ್ಗವೇ ಇಲ್ಲ. ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿ, ಅಲ್ಲಿಯೇ ಸಾಲೆ ಕಲಿತ ಗುರುದೇವ ರಾನಡೆಯವರು ಅಲಹಾಬಾದಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾದರು, ದೊಡ್ಡ ದೊಡ್ಡ ಗ್ರಂಥಗಳನ್ನು ಇಂಗ್ಲಿಷಿನಲ್ಲಿಯೇ ಬರೆದರು. ಅವುಗಳಲ್ಲಿ ಒಂದು ಕನ್ನಡದ ಭಕ್ತಿಸಾಹಿತ್ಯದ ಮೇಲೆಯೇ ಇದೆ. ಹೇಳಲಿಕ್ಕೆ ತನ್ನದೊಂದು ಮಾತಿದ್ದವರಿಗೆ ಇಂಗ್ಲಿಷ್ ದಾರಿ ಬಿಡುತ್ತದೆ.

ಹೀಗಾಗಿ ಮುಂದಿನ ಪಾಲಕರ ಸಭೆಗೆ ಹೋಗುವ ತಾಯಂದಿರಿಗೆ ನನ್ನ ಬಿನ್ನಹ ಇಷ್ಟೆ. ಮಕ್ಕಳಿಗೆ ವಾರಕ್ಕೆ ಹತ್ತು ನುಡಿಗಟ್ಟು ಬೇಡ, ಎರಡು ಸಾಕು ಎನ್ನಿ. ಒಂದು ಇಂಗ್ಲಿಷಿನದು, ಯಾವ ಕೆಲಸದವರ ಬಾಯಿಂದ ಬಂತು, ಈಗ ಯಾರ ಮುಂದೆ ಆಡಬಹುದು, ಯಾರ ಮುಂದೆ ಆಡಬಾರದು ಎಂಬುದರ ಸಮೇತ ಬರಲಿ. ಇನ್ನೊಂದನ್ನು ಮಗು ಮನೆಯಿಂದ ತರಲಿ. ಅಮ್ಮನನ್ನೋ, ಕಂಡಿಕೆ ಸುತ್ತುವ ಅತ್ತಿಯನ್ನೋ, ಶ್ರೀಕೃಷ್ಣಪಾರಿಜಾತದಲ್ಲಿ ಸತ್ಯಭಾಮೆ-ರುಕ್ಮಿಣಿಯರ ಜಗಳ ನೋಡಿ ನಕ್ಕು ಬಂದ ಅಜ್ಜಿಯನ್ನೋ ಕೇಳಿ ಬರೆದುಕೊಂಡು ಹೋಗಲಿ. ಆಮೇಲೆ ಎರಡನ್ನೂ ಅದೇ ತರಗತಿಯಲ್ಲಿ, ಅದೇ ಫಳಿಯ ಮೇಲೆ, ಅಕ್ಕಪಕ್ಕ ಬರೆಯಲಿ. ಎರಡಕ್ಕೂ ಎರಡೆರಡು ಅಂಕ. ಆಗುವುದಿಲ್ಲ ಎಂದರೆ ಯಾಕೆ ಆಗುವುದಿಲ್ಲ ಎಂದು ಎದ್ದು ನಿಂತು ಕೇಳಿ. ಕನ್ನಡದಲ್ಲಿಯೇ ಕೇಳಿ, ಅವರಿಗೂ ತಿಳಿಯುತ್ತದೆ.